ಪೂಜೆಗೆ ಕೂತ ಹೊತ್ತು

ವೃದ್ಧಾಶ್ರಮದ ಬಟ್ಟೆ ಒಗೆಯುವ ವಿಭಾಗದಲ್ಲಿ ಬಸಲಿಂಗಮ್ಮನಿಗೆ ‘ಬಾಸ್’ ಎಂದೇ ಹೆಸರು. ಪೂರ್ತಿ ಹೆಸರು ಡಚ್ಚರ ನಾಲಿಗೆಗೆ ಉದ್ದವಾಯಿತು; ಮೊದಲ ತುಣುಕು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಬಿಟ್ಟದ್ದು ಸರಿಯೇ ಆಯಿತು. ಅವಳು ಒಳಗೆ ಕಾಲಿಟ್ಟರೆ ನಿಜವಾದ ಮೇಲ್ವಿಚಾರಕನೇ ಫೋನನ್ನು ಜೇಬಿಗೆ ಹಾಕಿ ಚಾದರ ಮಡಚಲು ನಿಲ್ಲುತ್ತಿದ್ದ.

ನೆದರ್ಲೆಂಡ್ಸಿನ ಜೂಟರ್‌ಮೀರ್‌ನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಬೀದಿಯವರು, ಕೆಲಸವೂ ಒಂದೇ ಕಡೆ. ನಾನು ಉಡುಪಿ ಕಡೆಯವಳು, ಅವಳು ಕುಷ್ಟಗಿಯವಳು. ಅವಳ ಗಂಡ ಅಂದಪ್ಪ ಒಂದು ಆಫೀಸಿನಲ್ಲಿ ಎಂಜಿನಿಯರ್. ಅವನ ಸಂಬಳ ಸಾಕಾಗುತ್ತಿತ್ತು. ಮನೆಯಲ್ಲಿ ಕೂತರೆ ಯಾರ ಮೇಲೆ ಸಿಟ್ಟು ಮಾಡಲಿ ಎಂದು ಅವಳು ಕೆಲಸಕ್ಕೆ ಬರುತ್ತಿದ್ದಳು. ಇದು ಅವಳೇ ಹೇಳಿದ ಮಾತು.

ಕೊರೊನಾದ ಮೊದಲ ವಸಂತದಲ್ಲಿ ನಮ್ಮಲ್ಲಿ ಮುದುಕರು ಒಬ್ಬರ ಹಿಂದೊಬ್ಬರು ಹೋದರು. ಅವರ ಮಕ್ಕಳನ್ನೂ ಒಳಗೆ ಬಿಡುತ್ತಿರಲಿಲ್ಲ. ಸತ್ತವರ ಬಟ್ಟೆಗಳನ್ನು ಬೂದು ಬಣ್ಣದ ಕಸದ ಚೀಲಕ್ಕೆ ತುಂಬಿ ಮಕ್ಕಳಿಗಾಗಿ ಬಾಗಿಲಾಚೆ ಇಡಬೇಕೆಂದು ಮೇಲಿನಿಂದ ಆದೇಶ ಬಂತು. ಬಸಲಿಂಗಮ್ಮ ಆ ಚೀಲವನ್ನು ಎತ್ತಿಕೊಂಡು ಸೀದಾ ಮ್ಯಾನೇಜರಳ ಕೋಣೆಗೆ ಹೋಗಿ ಮೇಜಿನ ಮೇಲೆ ಸುರಿದಳು. ತನ್ನ ಅರೆಬರೆ ಡಚ್ಚಿನಲ್ಲಿ, “ನಿನ್ನ ತಾಯಿಯ ಸೀರೆಯನ್ನು, ಅಂದರೆ ಸ್ಕರ್ಟನ್ನು, ನಿನಗೆ ಹೀಗೆ ಕೊಡಲೇ?” ಎಂದು ಕೇಳಿದಳು. ಮರುದಿನದಿಂದ ಸತ್ತವರ ಬಟ್ಟೆ ಒಗೆದು, ಇಸ್ತ್ರಿ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ಹೋಗತೊಡಗಿತು. ಆ ಹೆಚ್ಚಿನ ಕೆಲಸವನ್ನೆಲ್ಲ ಮಾಡಿದವಳು ಅವಳೇ.

“ಎಂತ ಮಾರಾಯ್ತಿ, ಇಷ್ಟು ಸಿಟ್ಟು ಮಾಡಿದ್ರೆ ರಕ್ತದೊತ್ತಡ ಬರ್ತದೆ,” ಎಂದರೆ, “ಬರಲಿ ಪ್ರೇಮಾ, ಬಂದ್ರ ಅದಕ್ಕೂ ಬೈತೀನಿ,” ಎನ್ನುತ್ತಿದ್ದಳು.

ಅವಳಿಗೆ ಒಬ್ಬನೇ ತಮ್ಮ, ವೀರೇಶ. ತಾಯಿ ತೀರಿಕೊಂಡಾಗ ಅವನು ಇನ್ನೂ ತೊದಲುತ್ತಿದ್ದ. ಬೆಳೆಸಿದವಳು ಅಕ್ಕ. ಉಣ್ಣಿಸಿದ್ದು, ಶಾಲೆಗೆ ಕಳಿಸಿದ್ದು, ಕೊರಳಿಗೆ ಲಿಂಗ ಬಂದ ಮೇಲೆ ಅದನ್ನು ಕೈಯಲ್ಲಿ ಹಿಡಿಯಲು ಕಲಿಸಿದ್ದು, ಎಲ್ಲ ಅವಳೇ. ಅವರ ಪೂಜೆ ಹೇಗೆಂದು ಅವಳಿಂದಲೇ ನನಗೆ ತಿಳಿದದ್ದು. ಮಿಂದು, ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಕಣ್ಣು ಕದಲಿಸದೆ ಅದನ್ನೇ ನೋಡುತ್ತ ಕೂರಬೇಕು. “ಮನಸಿನಾಗ ಏನರ ಇದ್ರ ಕೈ ನಡಗತೈತಿ. ನಮ್ಮವ್ವ ನನಗ ಹೇಳಿಕೊಟ್ಟಿದ್ದು, ನಾ ಅವಗ ಹೇಳಿಕೊಟ್ಟೆ. ಸಣ್ಣಾಂವ ಇದ್ದಾಗ ಗೋಲಿ ಆಟದಾಗ ಜಗಳಾಡಿ ಬಂದು ಕುಂತ್ರ ಕೈ ಗಡಗಡ ಅಂತಿತ್ತು. ‘ಏಳು, ಮೊದಲ ನೀರು ಕುಡದು ಬಾ’ ಅಂತಿದ್ದೆ.”

ವೀರೇಶ ಓದಿ, ನಮಗೆ ಹತ್ತಿರದ ಊರು ಡೆಲ್ಫ್ಟ್‌ಗೆ ಬಂದ, ಅಲ್ಲೇ ಕೆಲಸಕ್ಕೆ ಸೇರಿದ. ಮದುವೆಯಾದ. ಹುಡುಗಿ ಪದ್ಮಶ್ರೀ, ಗದಗದ ಕಡೆಯವಳು. ಧಾರವಾಡದಲ್ಲಿ ಕೃಷಿ ವಿಜ್ಞಾನ ಓದಿದವಳು. ನಾನು ಅವಳನ್ನು ಕಂಡದ್ದು ನಾಲ್ಕಾರು ಸಲ. ಒಮ್ಮೆ ನಮ್ಮ ಕಿಟಕಿಯ ತುಳಸಿಯನ್ನು ಬೆರಳಲ್ಲಿ ಎತ್ತಿ ನೋಡಿ, “ಆಂಟಿ, ಇದಕ್ಕ ನೀರು ಹೆಚ್ಚಾಗೇತಿ. ಭಕ್ತಿ ಸ್ವಲ್ಪ ಕಡಿಮಿ ಮಾಡ್ರಿ,” ಎಂದು ನಕ್ಕಿದ್ದಳು. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯೊಳಗೆ ಸೇರಿದಾಗ ಅವಳ ನಗು ಫೋನಿನಲ್ಲೂ ಕೇಳದಾಯಿತು. ವೀರೇಶ ಅವಳ ಫೋನನ್ನು ತೆಗೆದು ನೋಡುತ್ತಾನೆ, ಅಂಗಡಿಗೆ ಹೋದರೂ ಎಷ್ಟು ಹೊತ್ತಾಯಿತೆಂದು ಕೇಳುತ್ತಾನೆ ಎಂಬುದು ಬಸಲಿಂಗಮ್ಮನಿಗೆ ಗೊತ್ತಿತ್ತು. ಬೈದಿದ್ದಳು. ಅಕ್ಕನ ಬೈಗುಳ ಅವನಿಗೆ ಹುಟ್ಟಿನಿಂದ ರೂಢಿ.

ಆ ಚಳಿಗಾಲದಲ್ಲಿ ಪದ್ಮಶ್ರೀಗೆ ದೂರದ ವಾಗೆನಿಂಗನ್‌ನ ಕೃಷಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಜಾಗ ಸಿಕ್ಕಿತು. ಅಲ್ಲೇ ಒಂದು ಕೋಣೆಯನ್ನೂ ಹುಡುಕಿಕೊಂಡಳು. ವಾರಕ್ಕೊಮ್ಮೆ ಬರುತ್ತೇನೆ ಎಂದಳು. ಬರುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಅದು ಎರಡು ಸಾವಿರದ ಇಪ್ಪತ್ತೊಂದರ ಜನವರಿ. ರಾತ್ರಿ ಕರ್ಫ್ಯೂ ಬಂದಿತ್ತು. ಒಂದು ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಎಂಬ ನಿಯಮವಿತ್ತು. ಭಾನುವಾರ ಬೆಳಿಗ್ಗೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬಸಲಿಂಗಮ್ಮ ಒಬ್ಬಳೇ ಡೆಲ್ಫ್ಟ್‌ಗೆ ಹೋದಳು. ಮುಂದಿನದನ್ನು ಅವಳು ನನಗೆ ಹೇಳಿದ್ದು ಎಷ್ಟೋ ವಾರಗಳ ಮೇಲೆ, ಒಗೆಯುವ ಯಂತ್ರಗಳ ಸದ್ದಿನ ನಡುವೆ. ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಅವಳು ಹೋದಾಗ ಜಗಳ ಜೋರಾಗಿತ್ತು. ಕೆಳಗಿನ ಮನೆಯ ಡಚ್ ಅಜ್ಜಿ ಕೋಲಿನಿಂದ ಛಾವಣಿ ಕುಟ್ಟುತ್ತಿದ್ದಳು. “ವಾಗೆನಿಂಗನ್‌ಗ ಹೋದ್ರ ಹೆಣಾ ಆಗಿ ಹೋಗ್ತಿ!” ಎಂದು ವೀರೇಶ ಕೂಗಿದ. ಅಕ್ಕ ನಡುವೆ ನಿಂತು, “ಬಾಯಿ ಮುಚ್ಚು! ಅದು ನಾಲಿಗಿನೋ ಚಪ್ಪಲಿನೋ ನಿಂದು?” ಎಂದು ಗದರಿದಳು. ಅವನು ಸುಮ್ಮನಾದ. ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತ. ಆಮೇಲೆ, “ನಾ ಜಳಕ ಮಾಡಿ ಪೂಜಾಕ್ಕ ಕುಂಡ್ರತೀನಿ,” ಎಂದು ಒಳಗೆ ಹೋದ.

ಅವನು ಪೂಜೆಗೆ ಕೂತ ಮೇಲೆ ಪದ್ಮಶ್ರೀ ಕೋಟು ಹಾಕಿಕೊಂಡಳು. ಒಂದು ಸಣ್ಣ ಚೀಲ ಸಿದ್ಧವಿತ್ತು. ಬಾಗಿಲು ಎಳೆದು ನೋಡಿದಳು, ಬೀಗ ಬಿದ್ದಿತ್ತು. ಕೋಟಿನ ಜೇಬು ತಡಕಿದಳು.

“ಅಕ್ಕಾರ, ನನ್ನ ಕೀ ನೋಡೀರೇನ್ರಿ?”

ಬಸಲಿಂಗಮ್ಮ ನೋಡಿದ್ದಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ವೀರೇಶ ಮಣೆಯ ಮೇಲೆ ಕೂತಿದ್ದ, ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಮುಂದೆ ವಿಭೂತಿ ಗಟ್ಟಿಯ ಪಕ್ಕದಲ್ಲಿ ಮನೆಯ ಎರಡೂ ಕೀಲಿಗೊಂಚಲುಗಳಿದ್ದವು. ಸೈಕಲ್ಲಿನ ಕೀಲಿಯೂ ಅದರಲ್ಲೇ ಇತ್ತು.

“ಅಲ್ಲೇ ಅವನ ಮುಂದ ಅದಾವು. ಪೂಜಾ ಮುಗಿಯೂತನಕ ತಡಿಯವಾ. ಮನ್ಯಾಗ ಪೂಜಾಕ್ಕ ಕುಂತಾಗ ಹೊಸ್ತಿಲ ದಾಟಬಾರದು. ಒಂದು ತುತ್ತು ಪ್ರಸಾದ ತಗೊಂಡು ಹೋಗು. ಈಗೇನು, ಸಿಟ್ಟು ಇಳೀತು ಬಿಡು ಅವಂದು.”

ಪದ್ಮಶ್ರೀ ಅರ್ಧ ಮನಸ್ಸಿನಿಂದ ಕೋಟಿನಲ್ಲೇ ಸೋಫಾದ ಅಂಚಿಗೆ ಕೂತಳು. ಬಸಲಿಂಗಮ್ಮ ಅಡುಗೆ ಮನೆಯಿಂದ ಒಮ್ಮೆ ಬಗ್ಗಿ ತಮ್ಮನ ಕೈ ನೋಡಿದಳು. ಅದು ಅಲುಗುತ್ತಿರಲಿಲ್ಲ. ತಾನು ಕಲಿಸಿದ ಹಾಗೆಯೇ, ಎದೆಯ ಮಟ್ಟದಲ್ಲಿ, ಕಲ್ಲಿನ ಹಾಗೆ ನಿಂತಿತ್ತು. ಶಿವನೇ, ಉಳಿಸಿದೆ ಎಂದುಕೊಂಡಳು.

ಪೂಜೆ ಎಂದಿನಷ್ಟೇ ಹೊತ್ತು ನಡೆಯಿತು. ಅವನು ಎದ್ದು ಬಂದು ಇಬ್ಬರಿಗೂ ಪ್ರಸಾದ ಕೊಟ್ಟ. ಮುಖ ಶಾಂತವಾಗಿತ್ತು. “ಅಕ್ಕಾ, ನೀ ಅರ್ಧ ತಾಸು ಹೊರಗ ಅಡ್ಡಾಡಿ ಬಾ. ನಾವಿಬ್ರೂ ಕುಂತು ಮಾತಾಡತೀವಿ, ಆಮ್ಯಾಲ ಅಕಿ ಹೋಗಲಿ,” ಎಂದ. ತಾನೇ ಬಾಗಿಲು ತೆರೆದ, ಅಕ್ಕನ ಕೋಟು ಹಿಡಿದುಕೊಟ್ಟ. ಅವಳು ಮೆಟ್ಟಿಲಿಗೆ ಕಾಲಿಡುವಾಗ ಹಿಂದೆ ಬೀಗ ಎರಡು ಸುತ್ತು ತಿರುಗಿದ ಸದ್ದು ಕೇಳಿತು.

ಕಾಲುವೆಯ ಉದ್ದಕ್ಕೂ ನಡೆದು ಬಂದಾಗ ಬಾಗಿಲು ಯಾರೂ ತೆಗೆಯಲಿಲ್ಲ. ಕೊನೆಗೆ ಅವಳೇ ಕರೆದ ಪೊಲೀಸರು ಬಂದು ಒಡೆದರು. ಪದ್ಮಶ್ರೀ ಕೋಟಿನಲ್ಲೇ ಇದ್ದಳು. ಕತ್ತು ಹಿಸುಕಿದ್ದ. ವೀರೇಶ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. “ಸಿಟ್ಟು ಬಂತು,” ಎಂದಷ್ಟೇ ಹೇಳಿದ.

ನಾನು ಬೆಳಿಗ್ಗೆ ದೇವರಿಗೆ ದೀಪ ಹಚ್ಚದೆ ನೀರು ಕುಡಿದವಳಲ್ಲ. ಇದನ್ನು ಕೇಳಿದ ಮರುದಿನ ಬೆಂಕಿಕಡ್ಡಿ ಗೀರಿ, ಅದು ಬೆರಳಿನ ತನಕ ಉರಿಯುವವರೆಗೆ ಹಿಡಿದು ನಿಂತೆ. ದೇವರ ಮುಂದೆ ಕೂತವನು ದೇವರನ್ನು ಏನು ಕೇಳಿದ? ಅವಕಾಶವನ್ನೇ? ಬಲವನ್ನೇ?

ಆದರೆ ಅವತ್ತು ಪೊಲೀಸರ ಮುಂದೆ ಬಸಲಿಂಗಮ್ಮ ಹೇಳಿದ್ದು ಮೂರೇ ಮಾತು: ಜಗಳ ಆಯಿತು, ನನ್ನನ್ನು ಹೊರಗೆ ಕಳಿಸಿದ, ಬಂದಾಗ ಬಾಗಿಲು ಹಾಕಿತ್ತು. ನಡುವಿನದನ್ನು ಹೇಳಲಿಲ್ಲ. ಪೂಜೆಯನ್ನು ಹೇಳಲಿಲ್ಲ, ಕೀಲಿಯನ್ನು ಹೇಳಲಿಲ್ಲ.

“ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

“ಲಿಂಗದ ಸುದ್ದಿ ಅಲ್ಲಿ ಹ್ಯಾಂಗ ತಗೀಲಿ, ಪ್ರೇಮಾ? ಅವರು ಕಾಫಿ ಕುಡ್ಕೋತ ಟೈಪ್ ಮಾಡಾಕತ್ತಿದ್ರು. ಕಾಲಾಗ ಬೂಟು. ಅಲ್ಲಿ ನಾ ಲಿಂಗ, ಪ್ರಸಾದ ಅಂತ ಬಾಯಿ ಬಿಟ್ರ ಮೈಲಿಗಿ ಆದಂಗ ಅನಿಸಿತು.”

ಅಲ್ಲೇ ಎಲ್ಲ ಕೆಟ್ಟಿತು. ಈ ದೇಶದ ಕಾನೂನಿನಲ್ಲಿ ಕೊಂದದ್ದಕ್ಕೆ ಎರಡು ಹೆಸರು. ಮೊದಲೇ ಯೋಚಿಸಿ, ಶಾಂತವಾಗಿ ತೂಗಿ ನೋಡಿ ಕೊಂದರೆ ‘ಮೋರ್ಡ್’. ಅದಕ್ಕೆ ಮೂವತ್ತು ವರ್ಷದವರೆಗೆ ಜೈಲು, ಇಲ್ಲವೆ ಜೀವಾವಧಿ. ಗಲ್ಲು ಇಲ್ಲಿ ಇಲ್ಲ. ಆ ಕ್ಷಣದ ಆವೇಶದಲ್ಲಿ ಕೊಂದರೆ ‘ದೋಡ್‌ಸ್ಲಾಖ್’. ಅದಕ್ಕೆ ಆಗ ಹೆಚ್ಚೆಂದರೆ ಹದಿನೈದು ವರ್ಷ. ಎರಡರ ನಡುವೆ ಅಂತರ ದೊಡ್ಡದಾಯಿತು, ಹದಿನೈದನ್ನು ಇಪ್ಪತ್ತೈದಕ್ಕೆ ಏರಿಸಬೇಕು ಎಂದು ಹೇಗ್‌ನ ಸಂಸತ್ತಿನಲ್ಲಿ ಮಾತು ನಡೆದಿತ್ತು. ಏರಿದರೂ ಆಗಲೇ ಸತ್ತವರ ಮೊಕದ್ದಮೆಗೆ ಅದು ತಾಗುವುದಿಲ್ಲ.

ಕೊಲ್ಲುವ ಮೊದಲು ಯೋಚಿಸಲು ಅವನಿಗೆ ಹೊತ್ತು ಸಿಕ್ಕಿತ್ತೇ, ಆ ಹೊತ್ತಿನಲ್ಲಿ ಅವನ ಮನಸ್ಸು ಹೇಗಿತ್ತು ಎಂಬುದರ ಮೇಲೆ ಇಡೀ ಮೊಕದ್ದಮೆ ನಿಂತಿತ್ತು. ವೀರೇಶನ ವಕೀಲರ ವಾದ ಸರಳ: ಜಗಳ, ಆವೇಶ, ಸಾವು. ನಡುವೆ ಖಾಲಿ ಜಾಗವೇ ಇಲ್ಲ. ಆದರೆ ಕೆಳಗಿನ ಮನೆಯ ಅಜ್ಜಿ, ಕೂಗಾಟ ನಿಂತು ತುಂಬ ಹೊತ್ತು ಮನೆ ನಿಶ್ಶಬ್ದವಾಗಿತ್ತು ಎಂದು ಹೇಳಿದ್ದಳು. ಪೊಲೀಸರು ತೆಗೆದ ಫೋಟೋದಲ್ಲಿ ವೀರೇಶನ ಹಣೆಯ ಮೇಲೆ ಬೂದಿ ಇತ್ತು. ಆ ನಿಶ್ಶಬ್ದದಲ್ಲಿ ಏನಾಯಿತು, ಆ ಬೂದಿ ಎಲ್ಲಿಂದ ಬಂತು ಎಂದು ಕೇಳಲು ತನಿಖಾ ನ್ಯಾಯಾಧೀಶರು ಬಸಲಿಂಗಮ್ಮನನ್ನು ಕರೆಸಿದರು.

ಕರೆ ಬಂದದ್ದೇ ತಡ, ಎಲ್ಲರ ಬಾಯಿಗೂ ನಾಲಿಗೆ ಬಂತು.

ಮೊದಲು ವಕೀಲರು. ಅಕ್ಕ, ತಂಗಿ, ತಂದೆ, ತಾಯಿಗೆ ಸಾಕ್ಷಿ ಹೇಳದಿರುವ ಹಕ್ಕು ಕಾನೂನೇ ಕೊಟ್ಟಿದೆ, ಉತ್ತರಿಸುವುದಿಲ್ಲ ಎಂದರೆ ಮುಗಿಯಿತು ಎಂದು ಕಂಪ್ಯೂಟರಿನ ಪರದೆಯಲ್ಲಿ ಬಂದು ಮೃದುವಾಗಿ ತಿಳಿಸಿದರು. ಅಂದಪ್ಪನಿಗೆ ಅದು ಹಿಡಿಸಿತು. ಅವನು ಕೆಟ್ಟವನಲ್ಲ. ಬಿಸಿ ಪಾತ್ರೆಯನ್ನು ಆರುವ ತನಕ ಮುಟ್ಟಬಾರದು ಎಂಬ ಜಾತಿಯವನು.

“ಕಾನೂನ ಸುಮ್ನಿರು ಅಂತೈತಿ. ನೀ ಯಾಕ ಬಾಯಿ ಹಾಕ್ತಿ?”

“ಕಾನೂನು ಸುಮ್ನಿರು ಅನ್ನಂಗಿಲ್ಲ. ಸುಮ್ನಿದ್ರೂ ನಡೀತೈತಿ ಅಂತೈತಿ. ಎರಡೂ ಒಂದೇನು?”

“ಎಲ್ಲಾ ಹೇಳಾಕ ಹೋದ್ರ, ಅಕಿನ್ನ ನೀನ ಕೂಡ್ಸಿದ್ದೂ ಹೇಳಬೇಕಾಗತೈತಿ. ನೋಡ್ಕೊ.”

ಮರುದಿನ ಕೆಲಸದಲ್ಲಿ ಅವಳು ಯಾರಿಗೂ ಬೈಯಲಿಲ್ಲ. “ಬಾಸ್‌ಗೆ ಹುಷಾರಿಲ್ಲವೇ?” ಎಂದು ಮೇಲ್ವಿಚಾರಕ ನನ್ನನ್ನು ಗುಟ್ಟಾಗಿ ಕೇಳಿದ.

ಪದ್ಮಶ್ರೀಯ ಅಪ್ಪ ಗದಗದಿಂದ ಫೋನು ಮಾಡಿದರು. ಮಗಳು ಸತ್ತ ವಾರ ಇದೇ ಮನುಷ್ಯ, “ಅವನ್ನ ಗಲ್ಲಿಗೆ ಹಾಕ್ರಿ! ನಮ್ಮ ದೇಶಕ್ಕ ಕಳಸ್ರಿ, ನಾವ ಹಾಕಸ್ತೀವಿ!” ಎಂದು ಕಿರುಚಿದ್ದರು. ಅದರಲ್ಲಿ ಬಸಲಿಂಗಮ್ಮ ತಪ್ಪು ಕಂಡಿರಲಿಲ್ಲ. ಈಗ ಅವರ ದನಿ ತಗ್ಗಿತ್ತು.

“ತಂಗೀ, ಸಿಟ್ಟಿನಾಗ ಆತು ಅಂತ ಇರಲಿ ಬಿಡು.”

“ಏನಂದ್ರಿ?”

“ಸಿಟ್ಟಿನಾಗ ಆತು ಅಂದ್ರ ಮಂದಿ ಹಣೆಬರಹ ಅಂತಾರ. ಯೋಚನಿ ಮಾಡಿ ಕೊಂದ ಅಂದ್ರ, ಅಂಥಾದ್ದು ಅಕಿ ಏನು ಮಾಡಿದ್ಲು ಅಂತ ಕೇಳ್ತಾರ. ಸಣ್ಣಾಕಿ ರಜನಿನ್ನ ಬೀಗರು ಬಂದು ನೋಡಿ ಹೋಗ್ಯಾರ. ನಾ ಇನ್ನೊಂದು ಮಗಳ ಲಗ್ನಾ ಮಾಡಬೇಕು.”

ಬಸಲಿಂಗಮ್ಮ ಫೋನು ಇಟ್ಟು, ಇಸ್ತ್ರಿಯ ಮೇಜಿಗೆ ಎರಡೂ ಕೈ ಊರಿ ನಿಂತಳು. “ಕೊಂದವನ ಕಡೆಯವರು ಸಿಟ್ಟು ಅಂತಾರ. ಸತ್ತಾಕಿ ಕಡೆಯವರೂ ಸಿಟ್ಟು ಅಂತಾರ. ಎಲ್ಲಾರೂ ಕೂಡಿ ಸಿಟ್ಟಿನ ಮ್ಯಾಲ ಹಾಕಾಕತ್ಯಾರ. ಪ್ರೇಮಾ, ನನಗ ಸಿಟ್ಟು ಗೊತ್ತಿಲ್ಲೇನು? ನನ್ನಷ್ಟು ಸಿಟ್ಟು ಈ ಊರಾಗ ಯಾರಿಗೈತಿ? ಸಿಟ್ಟು ಬಂದ್ರ ಬಾಯಿ ಒದರತೈತಿ, ಕೈ ನಡಗತೈತಿ, ಭಾಂಡೆ ಎತ್ತಿ ಒಗೀತೀನಿ, ಆಮ್ಯಾಲ ಅಳತೀನಿ. ಸಿಟ್ಟು ಜಳಕ ಮಾಡಿ ಬರತೈತೇನು? ಸಿಟ್ಟು ಪ್ರಸಾದ ಹಂಚತೈತೇನು? ಅಕ್ಕನ ಕೋಟು ಹಿಡಿದು ಕೊಡತೈತೇನು?”

“ಹದಿನೈದು ವರ್ಷವೋ ಇಪ್ಪತ್ತೋ, ನಿಂಗೆ ಯಾವುದು ಸಮಾಧಾನ ಮಾರಾಯ್ತಿ?” ಎಂದು ಕೇಳಿದೆ.

“ವರ್ಷದ ಲೆಕ್ಕ ತಗೊಂಡು ನಾ ಏನು ಮಾಡ್ಲಿ? ಅಂವ ನನ್ನ ಕೂಸು. ಒಂದು ವರ್ಷ ಹೆಚ್ಚಾದ್ರ ನನ್ನ ಹೊಟ್ಟಿನ ಉರೀತೈತಿ. ಆದ್ರ ಸುಳ್ಳು ಬರದಿಡಬಾರದು. ಅಕಿ ಸತ್ತದ್ದು ಹ್ಯಾಂಗ ಅಂತ ಸರಕಾರದ ಹಾಳ್ಯಾಗ ಸುಳ್ಳು ಬರದ್ರ, ಅಕಿನ್ನ ಎರಡನೇ ಸಲ ಕೊಂದಂಗ.”

ಕೊನೆಗೆ ಈಶ್ವರಪ್ಪನವರು. ಈ ಕಡೆಯ ಶರಣರ ಬಳಗಕ್ಕೆಲ್ಲ ಹಿರಿಯರು. ಕೊರೊನಾ ಬಂದ ಮೇಲೆ ಭಾನುವಾರದ ಗೋಷ್ಠಿ ಪರದೆಯ ಮೇಲೆ ನಡೆಯುತ್ತಿತ್ತು. ಆ ವಾರ ಅವರು ದಯೆಯ ಬಗ್ಗೆ ಮಾತಾಡಿದರು. ಹೆಸರು ಹೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಬಸಲಿಂಗಮ್ಮನ ಪಕ್ಕದಲ್ಲಿ, ಪರದೆಗೆ ಕಾಣದ ಹಾಗೆ, ನಾನೂ ಕೂತಿದ್ದೆ. ಮಾತು ಮುಗಿದ ಮೇಲೆ ಅವರು ನೇರವಾಗಿ ಕೇಳಿದರು.

“ಬಸಲಿಂಗಮ್ಮಾರ, ನೀವು ತಿಳದವರು. ನಿಮ್ಮ ತಮ್ಮಗ ಏನು ಶಿಕ್ಷಾ ಆಗಬೇಕೋ ಅದು ಆಗಲಿ. ಆದ್ರ ಇಷ್ಟಲಿಂಗವನ್ನ ಕೋರ್ಟಿಗೆ ಎಳೀಬ್ಯಾಡ್ರಿ. ಈ ಡಚ್ ಮಂದಿಗೆ ಏನು ತಿಳೀತೈತಿ? ನಾಳೆ ಪೇಪರಿನ್ಯಾಗ ಬರತೈತಿ. ನಮ್ಮ ಮಕ್ಕಳು ಸಾಲ್ಯಾಗ ತಲಿ ಎತ್ತಬೇಕಲ್ಲ?”

“ಲಿಂಗಾನ ಕೋರ್ಟಿಗೆ ಎಳದಾಕಿ ನಾ ಅಲ್ರಿ.”

“ಮತ್ತ ಯಾರು?”

“ಅದನ್ನ ಅಂಗೈಯಾಗ ಇಟ್ಕೊಂಡು ಹೆಂಡ್ತಿ ಕತ್ತು ಹಿಚಕೋದು ಹ್ಯಾಂಗ ಅಂತ ಯೋಚನಿ ಮಾಡಿದನಲ್ಲ, ಅಂವ. ನೀವು ಅವಗ ಹೇಳ್ರಿ ದಯೆ. ಒಂದು ಮಾತು ಪದ್ಮಶ್ರೀ ಹೆಸರು ತಗದೀರೇನು ಇವತ್ತು? ಅಕಿ ಸತ್ತು ಇಷ್ಟು ತಿಂಗಳಾತು, ಒಂದು ಸಲ?”

ಪರದೆಯ ಮೇಲಿನ ಸಣ್ಣ ಚೌಕಗಳಲ್ಲಿ ಮುಖಗಳು ಕೆಳಗೆ ಬಾಗಿದವು. ಯಾರೋ ಕ್ಯಾಮೆರಾ ಆರಿಸಿಕೊಂಡರು. “ಅಮ್ಮಾರ, ಸ್ವಲ್ಪ ಸಮಾಧಾನ,” ಎಂದರು ಈಶ್ವರಪ್ಪನವರು.

“ಸಮಾಧಾನ ನನ್ನ ತಮ್ಮನ ಹತ್ರ ಭಾಳ ಇತ್ರಿ. ಅದು ಏನು ಮಾಡಿತು ನೋಡೀರಲ್ಲ,” ಎಂದು ಅವಳು ಕಂಪ್ಯೂಟರಿನ ಮುಚ್ಚಳ ಹಾಕಿದಳು.

ಬೇಸಿಗೆಯ ಒಂದು ಬೆಳಿಗ್ಗೆ ನಾವಿಬ್ಬರೂ ಟ್ರ್ಯಾಮಿನಲ್ಲಿ ಹೇಗ್‌ಗೆ ಹೋದೆವು. ಅಂದಪ್ಪ ಬರಲಿಲ್ಲ. ಕೊರೊನಾ ನಿಯಮದಿಂದ ನನ್ನನ್ನು ಒಳಗೆ ಬಿಡಲಿಲ್ಲ. ಹೊರಗಿನ ಕಲ್ಲಿನ ಬೆಂಚಿನಲ್ಲಿ ಮಾಸ್ಕ್ ಹಾಕಿಕೊಂಡು ನನಗೆ ಬರುವ ನಾಮಗಳನ್ನೆಲ್ಲ ಹೇಳಿಕೊಳ್ಳುತ್ತ ಕೂತೆ. ಒಳಗೆ ಹೋಗುವ ಮುಂಚೆ ಅವಳು, “ಹೇಳ್ತೀನೋ ಇಲ್ಲೋ ನನಗ ಗೊತ್ತಿಲ್ಲ. ಅಕಿನ್ನ ಕೂಡ್ಸಿದ್ದು ಬಾಯಿಗೆ ಬರವಲ್ದು,” ಎಂದಿದ್ದಳು. ನಾನು ಅವಳ ಮಾಸ್ಕಿನ ದಾರ ಸರಿ ಮಾಡಿದೆ. ಏನು ಹೇಳಿದರೂ ಅದು ನನ್ನ ಮಾತಾಗುತ್ತಿತ್ತು.

ಹೊರಗೆ ಬಂದಾಗ ಮಾಸ್ಕನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ಬೆಂಚಿನಲ್ಲಿ ಕೂತು ಒಂದೇ ಉಸಿರಿಗೆ ಹೇಳಿದಳು.

ನ್ಯಾಯಾಧೀಶರು ಹೆಂಗಸು, ಗಾಜಿನಂಥ ಪ್ಲಾಸ್ಟಿಕ್ ಹಲಗೆಯ ಆಚೆ. ನಿಮಗೆ ಉತ್ತರಿಸದಿರುವ ಹಕ್ಕಿದೆ, ಬೇಕೇ ಎಂದು ಮೊದಲು ಕೇಳಿದರು. ಬೇಡ ಎಂದಳು. ಜಗಳ ನಿಂತ ಮೇಲೆ ಏನಾಯಿತು ಎಂದು ಕೇಳಿದರು. ಅವಳು ಹೇಳಿದಳು: ಸ್ನಾನ, ವಿಭೂತಿ, ಕೀಲಿ, ಲಿಂಗ. ಇಷ್ಟಲಿಂಗ ಅಂದರೆ ಏನು ಎಂದು ಕೇಳಿದರು. ಅದನ್ನು ಡಚ್ಚಿನಲ್ಲಿ ಹೇಳುವಷ್ಟು ಮಾತು ಅವಳಲ್ಲಿರಲಿಲ್ಲ. ಕುಪ್ಪಸದ ಒಳಗಿನಿಂದ ತನ್ನದೇ ಕರಡಿಗೆ ತೆಗೆಯಲು ಕೈ ಹೋಯಿತು. ತೆಗೆಯಲಿಲ್ಲ. ಬರಿಗೈಯನ್ನೇ ಎದೆಯ ಮಟ್ಟಕ್ಕೆ ಚಾಚಿ, ಹೀಗೆ ಎಂದು ತೋರಿಸಿದಳು. ಅವಳ ಕೈ ನಡುಗುತ್ತಿತ್ತು. “ನಂದು ನಡಗಾಕತ್ತೈತಿ ನೋಡ್ರಿ, ನನಗ ಸಿಟ್ಟು ಬಂದೈತಿ. ಅವಂದು ನಡಗಲಿಲ್ಲ,” ಎಂದಳು.

ವೀರೇಶನ ವಕೀಲರು ಕೇಳಿದರು: ಮನುಷ್ಯ ಪ್ರಾರ್ಥನೆಗೆ ಕೂರುವುದು ತನ್ನ ಕೋಪವನ್ನು ಅಡಗಿಸಿಕೊಳ್ಳಲು ಅಲ್ಲವೇ? ಅವನು ಪ್ರಯತ್ನಪಟ್ಟ, ಆಮೇಲೆ ಮತ್ತೆ ಆವೇಶ ಬಂತು ಎಂದು ಆಗಿರಬಾರದೇ?

“ಅಡಗಿಸಿಕೊಳ್ಳಾಕ ಕುಂತಾಂವ ಹೆಂಡ್ತಿ ಕೀ ಯಾಕ ಮುಂದ ಇಟ್ಕೊಂಡು ಕುಂಡ್ರತಾನ? ಮತ್ತ ಆವೇಶ ಬರೂದಿತ್ತು ಅಂದ್ರ, ನನ್ನ ಯಾಕ ಮೊದಲ ಹೊರಗ ಕಳಸಿದ?”

ಆಮೇಲೆ ನ್ಯಾಯಾಧೀಶರು ಸಾಕು ಎನ್ನುವ ಹಾಗೆ ಕಾಗದ ಜೋಡಿಸಿಕೊಂಡರು. ಅವಳು ಏಳಲಿಲ್ಲ. ಇನ್ನೊಂದಿದೆ ಎಂದಳು. ಪದ್ಮಶ್ರೀ ಕೋಟು ಹಾಕಿಕೊಂಡು ಕೀಲಿ ಕೇಳಿದ್ದನ್ನೂ, ಕೀಲಿ ಎಲ್ಲಿದೆಯೆಂದು ತಿಳಿದೂ ಪೂಜೆ ಮುಗಿಯಲಿ ಎಂದು ತಾನು ಅವಳನ್ನು ಕೂರಿಸಿದ್ದನ್ನೂ ಹೇಳಿದಳು.

“ಅದಕ್ಕೆ ಅವ್ರು ಎಂತ ಹೇಳಿದ್ರು?” ಎಂದು ಕೇಳಿದೆ.

“‘ಯಾರೂ ನಿಮ್ಮ ಮೇಲೆ ತಪ್ಪು ಹೊರಿಸುವುದಿಲ್ಲ, ಮೇಡಂ’ ಅಂತ ಮೆತ್ತಗ ಅಂದ್ರು. ಹೊರಸ್ರಿ ಅಂತ ನಾ ಅಂದ್ನೇನು? ಬರಕೊಳ್ರಿ ಅಂದೆ. ಅಕಿ ಹೊಂಟಿದ್ಲು, ಬದುಕಿ ಉಳೀಬೇಕಂತ ಹೊಂಟಿದ್ಲು, ಅದನ್ನ ಬರಕೊಳ್ರಿ ಅಂದೆ. ಬರಕೊಂಡ್ರು. ಓದಿ ತೋರಸ್ರಿ ಅಂದೆ. ಓದಿದ್ರು.”

ಮರುವರ್ಷ ತೀರ್ಪು ಬಂತು. ಮೋರ್ಡ್. ಹದಿನೆಂಟು ವರ್ಷ. ಜಗಳಕ್ಕೂ ಸಾವಿಗೂ ನಡುವೆ ಆರೋಪಿಗೆ ಯೋಚಿಸಲು, ಹಿಂದೆ ಸರಿಯಲು ಸಾಕಷ್ಟು ಹೊತ್ತಿತ್ತು, ಆ ಹೊತ್ತಿನಲ್ಲಿ ಅವನು ಶಾಂತನಾಗಿದ್ದ ಎಂದು ನ್ಯಾಯಾಲಯ ಬರೆಯಿತು. ತೀರ್ಪಿನ ದಿನ ಬಸಲಿಂಗಮ್ಮ ರಜೆ ಹಾಕಲಿಲ್ಲ. ಚಾದರಗಳನ್ನು ಮಡಚಿದಳು. ಮಧ್ಯಾಹ್ನ ಊಟದ ಡಬ್ಬಿ ತೆರೆದು, ತಮ್ಮನ ಹೆಸರು ಹಿಡಿದು ಜೋರಾಗಿ ಅತ್ತಳು. ಆಮೇಲೆ ಅದೇ ಬಾಯಲ್ಲಿ ಅವನಿಗೆ ಬೈದಳು. ನಾನು ನೀರು ತಂದುಕೊಟ್ಟೆ.

ಈಶ್ವರಪ್ಪನವರ ಬಳಗದ ವಾಟ್ಸ್ಯಾಪ್ ಗುಂಪಿನಿಂದ ಅವಳನ್ನು ತೆಗೆದರು. ಅಂದಪ್ಪನನ್ನು ಮಾತ್ರ ಇಟ್ಟುಕೊಂಡರು. ಅವನು ತಾನೇ ಹೊರಬಂದ. ಮದುವೆಯಾದ ಮೇಲೆ ಅವನು ಮಾಡಿದ ಮೊದಲ ಜಗಳ ಇದೇ ಎಂದು ಅವಳು ಹೇಳಿದಳು. ಗದಗದಿಂದ ಪದ್ಮಶ್ರೀಯ ಅಪ್ಪ ಫೋನು ಮಾಡಿ, ರಜನಿಯ ಬೀಗರು ಹಿಂದೆ ಸರಿದರು, ನಿನ್ನ ಬಾಯಿಗೆ ಮಣ್ಣು ಬೀಳಲಿ ಎಂದರು. ಅವಳು ತಿರುಗಿ ಬೈಯಲಿಲ್ಲ. ಅದೊಂದೇ ಸಲ.

ಅದಾಗಿ ಕೆಲವು ದಿನಕ್ಕೆ, ನಾವಿಬ್ಬರೂ ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದಾಗ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ರಜನಿ. ಗಾಳಿ ಜೋರಾಗಿದ್ದರಿಂದ ಬಸಲಿಂಗಮ್ಮ ಸ್ಪೀಕರ್ ಹಾಕಿ ಕಿವಿಗೆ ಒತ್ತಿಕೊಂಡಳು. ನನಗೂ ಕೇಳುತ್ತಿತ್ತು.

“ಅಕ್ಕಾರ, ನಾ ರಜನಿ. ಗೆಳತಿ ಫೋನಿಂದ ಮಾತಾಡಾಕತ್ತೀನಿ. ಅಪ್ಪಗ ಗೊತ್ತಿಲ್ಲ.”

“ನಿನ್ನ ಲಗ್ನ…”

“ಅದು ಹೋಗ್ಲಿ ಬಿಡ್ರಿ. ಅಂಥಾ ಮನಿ ಹೋದ್ರ ಹೋತು. ನನಗ ಬ್ಯಾರೇನ ಕೇಳೂದೈತಿ. ಅಂವ ಪೂಜಾಕ್ಕ ಕುಂತಿದ್ದ ಅಂತ ಕೋರ್ಟಿನ್ಯಾಗ ಬಂದೈತಂತ. ಆ ಹೊತ್ತಿನ್ಯಾಗ ನಮ್ಮಕ್ಕ ಏನು ಮಾಡಾಕತ್ತಿದ್ಲು? ಇದನ್ನ ಯಾರೂ ಹೇಳವಲ್ರು. ಎಲ್ಲಾರೂ ಅವಂದ ಹೇಳ್ತಾರ.”

ಬಸಲಿಂಗಮ್ಮ ನನ್ನ ತೋಳು ಹಿಡಿದುಕೊಂಡಳು.

“ಹೊಂಟಿದ್ಲವಾ. ಕೋಟು ಹಾಕ್ಕೊಂಡು ಕೀ ಹುಡಕಾಕತ್ತಿದ್ಲು. ಕೀ ಎಲ್ಲಿ ಅದಾವು ಅಂತ ನನಗ ಗೊತ್ತಿತ್ತು. ಪೂಜಾ ಮುಗೀಲಿ ಅಂತ ನಾನ ಕೂಡ್ಸಿದೆ.”

ನಮ್ಮ ಬಸ್ಸು ಬಂತು, ಬಾಗಿಲು ತೆರೆಯಿತು, ಹೋಯಿತು.

“ನೀವು ಕೂಡ್ಸಿದ್ರಿ,” ಎಂದಳು ರಜನಿ. “ನೀವು ಕೂಡ್ಸಿದ್ರಿ ಅಕ್ಕಾರ.”

“ಹೌದು.”

“ನಿಮ್ಮನ್ನ ನಾ ಜಲಮದಾಗ ಮಾತಾಡ್ಸಬಾರದು.”

“ಮಾತಾಡ್ಸಬ್ಯಾಡವಾ.”

ಮತ್ತೆ ಗಾಳಿ. ಆಮೇಲೆ ಮೂಗು ಒರೆಸಿಕೊಂಡ ಸದ್ದು.

“ಮಾತಾಡ್ಸೋದು ಬಿಡೋದು ಆಮ್ಯಾಲ ನೋಡ್ತೀನಿ. ಈಗ ಹೇಳ್ರಿ. ಯಾವ ಕೋಟು ಹಾಕ್ಕೊಂಡಿದ್ಲು? ಉಂಡಿದ್ಲೇನು? ನೀವು ಬಾಗಿಲಿಗೆ ಹೋದಾಗಿಂದ, ಒಂದೂ ಬಿಡದಂಗ ಹೇಳ್ರಿ. ನನ್ನ ಬಿಟ್ರ ಇದನ್ನ ಕೇಳವರು ಯಾರೂ ಇಲ್ಲ.”

ಬಸಲಿಂಗಮ್ಮ ಬಸ್ ನಿಲ್ದಾಣದ ಬೆಂಚಿಗೆ ಕೂತಳು. ನಾನು ಗಾಳಿಗೆ ಅಡ್ಡವಾಗಿ ನಿಂತೆ. “ನಾ ಹೋದಾಗ ಅಕಿ ಅಡಗಿ ಮನ್ಯಾಗ ನಿಂತಿದ್ಲು, ಬೆನ್ನು ಈ ಕಡೆ ಮಾಡಿ,” ಎಂದು ಅವಳು ಶುರು ಮಾಡಿದಳು.